ಎರಡು ದಡದ ಹೂವು

ಹೊಳೆದಡದ ವಿದಿನ್ ಊರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ರೋಮಾ ಜನಾಂಗದ ಎರಡು ಸಂಘಗಳ ಮುಖಂಡರು ಮಾತಾಡುತ್ತಿದ್ದರು. ಆಸೆನ್ ಈ ಊರಿನವನು. ಫ್ಲೋರಿಕಾ ಡ್ಯಾನ್ಯೂಬ್ ಹೊಳೆಯಾಚೆಯ ರೊಮೇನಿಯಾದವಳು.

“ರೋಮಾ ದಿನ ಹೊಳೆಗೆ ಹೂ ಬಿಡೋಕೆ ನಿಮ್ಮ ದಡದಲ್ಲಿ ಎಷ್ಟು ಜನ ಇದ್ರು, ಅಕ್ಕಾ?”

“ದಡದ ತುಂಬ. ನಿಮ್ಮಲ್ಲಿ?”

“ನಮ್ಮಲ್ಲೂ. ಡೋಲು ಬೇರೆ.”

“ಸುಳ್ಳ! ಡೋಲು ಕೇಳಿಸ್ಲೇ ಇಲ್ಲ.”

“ಬಾರಿಸೋರೆಲ್ಲ ಜರ್ಮನಿಗೆ ಹೋದ್ರು. ನಾನೊಬ್ಬನೇ ಇದ್ದೆ.”

“ನಾನೂ ಒಬ್ಬಳೇ ಕಣೋ.”

“ಹಾಗಾದ್ರೆ ಬರೋ ವರ್ಷ ಈಚೆಗೇ ಬಂದ್ಬಿಡಿ. ಇಬ್ಬರಾದ್ರೂ ಆಗ್ತೀವಿ.”

“ನಾನು ಈಚೆ ಬಂದ್ರೆ ಅಲ್ಲಿ ಸಂಘ ಮುಚ್ಚಿದ ಹಾಗೇ ಅಲ್ವಾ?”

ಬಸ್ಸು ಬಂತು. ಆಸೆನ್ ಅವಳ ಚೀಲವನ್ನು ಬಾಗಿಲವರೆಗೆ ಹೊತ್ತ.

“ಹಾಗಾದ್ರೆ ನಿಮ್ಮ ದಡದಲ್ಲೇ ಕೆಂಪು ಶಾಲು ಹೊದ್ಕೊಂಡು ನಿಂತ್ಕೊಳ್ಳಿ ಅಕ್ಕಾ, ನನಗೆ ಕಾಣಬೇಕು.”

“ನೀನು ಡೋಲು ತಾ. ಬಾರಿಸೋಕೆ ಬರದಿದ್ರೂ ಪರವಾಗಿಲ್ಲ,” ಎನ್ನುತ್ತ ಫ್ಲೋರಿಕಾ ಬಸ್ಸು ಹತ್ತಿದಳು.