ಹಿಂಬದಿಯ ದೀಪ

"ಹಲೋ… ಹಾಂ, ಯಾರು ಮಾತಾಡೋದು?… ಚಿರಂತಾ? ಯಾವ ಚಿರಂತು?… ಓಹೋ, ನಮ್ಮ ಮಗರಾಯನಾ! ಮೂರು ವರ್ಷ ಆಯ್ತಲ್ಲಪ್ಪ, ಧ್ವನಿ ಮರೆತೇಹೋಗಿತ್ತು."

ಮರೆತಿರಲಿಲ್ಲ. ಮಗನ ಹೆಸರು ಫೋನಿನಲ್ಲಿ ಮೂಡಿದ್ದನ್ನು ನೋಡಿಯೇ ಅನಂತರಾಮರು ಇನ್ನೆರಡು ಸಲ ರಿಂಗಾಗಲಿ ಎಂದು ಕಾದು ಎತ್ತಿದ್ದರು. ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನ ಮೊದಲ ಮಹಡಿಯ ಕಿಟಕಿಯಲ್ಲಿ ಅವರು, ಕೆಳಗೆ ಬೇವಿನ ಮರದಡಿ ಬೂದು ಬಣ್ಣದ ಕಾರಿನಲ್ಲಿ ಮಗ. ನಡುವೆ ಇಪ್ಪತ್ತೆರಡು ಮೆಟ್ಟಿಲು. ಮಗ ಹತ್ತುವುದಿಲ್ಲ, ಅಪ್ಪ ಇಳಿಯುವುದಿಲ್ಲ.

"ಕಾಣ್ತಿದೆ, ಕಾಣ್ತಿದೆ. ಕಿಟಕೀಲೇ ನಿಂತಿದೀನಿ… ಕೆಳಗೆ ಬರಬೇಕಾ? ಯಾಕೆ, ನಿನಗೆ ಕಾಲಿಲ್ವಾ?… ಅಚ್ಛಾ. ಇಂಡಿಯಾ ಗೇಟ್ ತನಕ ಒಂದು ಸುತ್ತು. ಹನ್ನೆರಡಕ್ಕೆ ಕಂಪನಿಗೆ ವಾಪಸ್ ಕೊಡಬೇಕು… ಅಂದ್ರೆ ನಿಂದಲ್ಲ. ಬಾಡಿಗೆ ಕುದುರೆ."

ಕಾರು ಕಂಪನಿಯಲ್ಲಿ ವಿನ್ಯಾಸದ ಕೆಲಸ ಮಾಡುವ ಚಿರಂತ್ ಮೂರು ವರ್ಷದ ಹಿಂದೆ ಗುರುಗ್ರಾಮದಲ್ಲಿ ಫ್ಲ್ಯಾಟು ಕೊಂಡು ಗೃಹಪ್ರವೇಶಕ್ಕೆ ಕರೆದಿದ್ದ. ಅನಂತರಾಮರು ಅವನ ಆಫೀಸಿನವರೆಲ್ಲರ ಎದುರು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಇದೂ ಇವನ ಹಾಗೇ. ಹೊರಗೆ ಬಣ್ಣ, ಒಳಗೆ ಪೊಳ್ಳು" ಎಂದಿದ್ದರು. ಅಂದಿನಿಂದ ಮಗ ಈ ಮೆಟ್ಟಿಲು ಹತ್ತಿಲ್ಲ. ತಟ್ಟಿ ನೋಡಿ ತೀರ್ಪು ಕೊಡುವುದು ಅವರ ಹೊಟ್ಟೆಪಾಡು. ಹಳೆಯ ಸರ್ಕಾರಿ ಗಾಡಿಗಳನ್ನು ಪರೀಕ್ಷಿಸಿ, ಇನ್ನು ಕೆಲಸಕ್ಕೆ ಬಾರದು, ಕಂಡಂ ಎಂದು ಬರೆದು ಹರಾಜಿಗೆ ಅಟ್ಟುವ ಬೋರ್ಡಿನಲ್ಲಿ ಅವರು ಇಪ್ಪತ್ತೇಳು ವರ್ಷದಿಂದ ಇದ್ದಾರೆ. ಡ್ರೈವರುಗಳು ಬೆನ್ನ ಹಿಂದೆ ಕಂಡಂ ಸಾಹೇಬ್ ಎನ್ನುತ್ತಾರೆ. ಅದು ಗೊತ್ತಾದ ದಿನ ಅವರು ಮನೆಗೆ ಜಿಲೇಬಿ ತಂದಿದ್ದರು.

ವಾಸಂತಿ ಅಡುಗೆಮನೆಯಿಂದ ಬಂದು ಹತ್ತಿರ ನಿಂತರು. "ಒಂದೇ ಒಂದು ಸುತ್ತು ಹೋಗಿ ಬನ್ರೀ. ತಾನು ಮಾಡಿದ್ದನ್ನ ತೋರಿಸೋಕೆ ಬಂದಿದಾನೆ. ಇವತ್ತು ಇಳೀದಿದ್ರೆ ಅವನು ಇನ್ನು ಈ ಗಲ್ಲಿಗೂ ಬರೋಲ್ಲ. ನಂಗೊತ್ತು."

ಅನಂತರಾಮರು ಅವರನ್ನು ನೊಣ ಓಡಿಸಿದಂತೆ ಕೈಯಾಡಿಸಿ ಸುಮ್ಮನಾಗಿಸಿದರು.

"ಹಾಂ, ಹೇಳು. ಇಳಿಯೋಕ್ಮುಂಚೆ ತಪಾಸಣೆ ಆಗಬೇಕಲ್ಲ. ಮೊದಲು ರೂಪ. ಮೂತಿ ನೋಡು, ಯಾರೋ ಕಪ್ಪೆ ಮೇಲೆ ಕೂತು ಎದ್ದ ಹಾಗಿದೆ… ಗಾಳಿ ಸೀಳ್ಕೊಂಡು ಹೋಗೋಕಾ? ದಿಲ್ಲಿ ಗಾಳೀನಾ? ಡಿಸೆಂಬರಲ್ಲಿ ಅದನ್ನ ಸೀಳೋಕೆ ಗರಗಸ ಬೇಕಪ್ಪ… ಎತ್ತರ ಎಷ್ಟು?… ನಾಲ್ಕಡಿ! ಹತ್ತೋದಲ್ಲ ಅದು, ಬಾವಿಗೆ ಇಳಿಯೋದು… ಸೀಟೆಷ್ಟು?… ಎರಡೇ? ಮನೇಲಿ ಮೂರು ಜನ ಇದೀವಲ್ಲೋ! ಒಬ್ಬರನ್ನ ಬಿಟ್ಟೇ ಹೋಗಬೇಕು ಅನ್ನು."

ಕೆಳಗೆ ಇಸ್ತ್ರಿ ಭಯ್ಯಾ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಕಾರನ್ನು ನೋಡುತ್ತ ನಿಂತಿದ್ದ. ಎದುರುಮನೆ ಶರ್ಮಾಜಿಯ ಮಗಳು ಫೋಟೋ ತೆಗೆಯುತ್ತಿದ್ದಳು. ಕಾರಿನ ಮುಂಭಾಗವಷ್ಟೇ ಕಿಟಕಿಗೆ ಕಾಣುತ್ತಿತ್ತು, ಹಿಂಭಾಗ ಬೇವಿನ ಕೊಂಬೆಗಳ ಮರೆಯಲ್ಲಿತ್ತು.

"ವೇಗ?… ಮೂರೂವರೆ ಸೆಕೆಂಡಲ್ಲಿ ನೂರು ಕಿಲೋಮೀಟರಾ? ಎಲ್ಲಿಗೆ ಹೋಗೋಕೆ? ಮೂಲ್‌ಚಂದ್ ಸಿಗ್ನಲ್ಲಿಗಾ? ಮೂರೂವರೆ ಸೆಕೆಂಡು ಓಡಿ ಆಶ್ರಮ್ ಚೌಕಲ್ಲಿ ಮುಕ್ಕಾಲು ಗಂಟೆ ನಿಂತ್ಕೋ… ಇನ್ನೇನಿದೆ?… ಹದಿನಾರು ಸ್ಪೀಕರಾ? ಅದೇನು ಕಾರೋ, ಕಲ್ಯಾಣ ಮಂಟಪವೋ?… ಫೋನಲ್ಲಿ ಮಾತಾಡಿದ್ರೂ ಅದರಲ್ಲೇ ಕೇಳುತ್ತಾ? ಅಂದ್ರೆ ಈಗ ನಾನು ಹದಿನಾರು ಕಡೆಯಿಂದ ಬೈತಿದೀನಾ? ಶಾಬಾಶ್. ಅದೊಂದು ಒಳ್ಳೇ ಸೌಕರ್ಯ."

ಅವರಿಗೆ ಖುಷಿಯಾಗಿಬಿಟ್ಟಿತು. ಭಾನುವಾರ ಬೆಳಗ್ಗೆ ಇಷ್ಟು ಹುರುಪು ಬಂದು ಎಷ್ಟು ಕಾಲವಾಗಿತ್ತೋ.

"ಅದು ಸರಿ, ಇದರಲ್ಲಿ ನೀನು ಮಾಡಿದ್ದು ಯಾವುದು?… ಹಿಂದಿನ ದೀಪ… ಹಾಂ, ದೀಪ, ಗೊತ್ತಾಯ್ತು. ಮತ್ತೆ?… ಮತ್ತೆ?… ಬರೀ ದೀಪಾನಾ?… ಎಷ್ಟು ವರ್ಷ?… ನಾಲ್ಕು ವರ್ಷ ಕೂತು ಒಂದು ದೀಪ ಬಿಡಿಸಿದೆಯಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲೋ! ನಮ್ಮಾಫೀಸಲ್ಲಿ ದೀಪ ಹೋದ್ರೆ ಕರೋಲ್‌ಬಾಗಿಂದ ಇನ್ನೂರು ರೂಪಾಯಿಗೆ ತಂದು ಹಾಕ್ತಾರೆ… ಏನು? ಸಣ್ಣವನಿದ್ದಾಗ ನನ್ನ ಫೈಲಿನ ಹಿಂದೆ ಬಿಡಿಸಿದ ದೀಪಾನೇ ಇದಾ? ಗೊತ್ತು. ಹರಿದು ಬಿಸಾಕಿದ್ದೂ ಗೊತ್ತು. ಆಗಲೇ ಬುದ್ಧಿ ಬರಬೇಕಿತ್ತು… ಅಳ್ತಿದೀಯಾ? ಇಲ್ವಾ? ಅಲ್ಲ, ಮೂಗಿನ ಶಬ್ದ ಬಂತು, ಅದಕ್ಕೆ ಕೇಳಿದೆ."

ವಾಸಂತಿ ಒಳಗೆ ಹೋದರು. ಡಬ್ಬಿಯೊಂದರ ಮುಚ್ಚಳ ಹಾಕಿದ ಸದ್ದಾಯಿತು. ಹೊರಗೆ ಬಂದಾಗ ಹೆಗಲ ಮೇಲೆ ಶಾಲಿತ್ತು, ಕೈಯಲ್ಲಿ ಚೀಲ. ಅಷ್ಟರಲ್ಲಿ ಅನಂತರಾಮರು ಕಿಟಕಿಗೆ ಬೆನ್ನು ಹಾಕಿ ಮೇಜಿನ ಮುಂದೆ ಕೂತು, ಪೆನ್ಸಿಲು ಹಿಡಿದಿದ್ದರು.

"ಹಾಲಿಗಾ? ಅರ್ಧ ಲೀಟರು ಸಾಕು," ಎಂದರು ತಲೆಯೆತ್ತದೆ. ವಾಸಂತಿ ಚಪ್ಪಲಿ ಮೆಟ್ಟಿ ಬಾಗಿಲೆಳೆದುಕೊಂಡರು. ಅವರ ಮಂಡಿ ಸರಿಯಿಲ್ಲ, ಮೆಟ್ಟಿಲಿಳಿಯಲು ಹೊತ್ತು ಹಿಡಿಯುತ್ತದೆ.

"ಹಲೋ, ಇದೀಯಾ? ಈಗ ಇದನ್ನ ಸಾಕೋ ಖರ್ಚು. ಮೈಲೇಜು ಹೇಳು… ಲೀಟರಿಗೆ ಆರು. ಬರ್ಕೊಂಡೆ. ಟೈರು?… ಒಂದಕ್ಕಾ, ನಾಲ್ಕಕ್ಕಾ?… ಒಂದಕ್ಕೆ ಎಂಬತ್ತು ಸಾವಿರ! ಇನ್ಶೂರೆನ್ಸು?… ವರ್ಷಕ್ಕೊಂದು ಸರ್ವಿಸ್ಸು?… ಸಾಕು ಬಿಡು, ಪೆನ್ಸಿಲು ಮುರಿಯುತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಯಾರಯ್ಯಾ ತಗೊಳ್ಳೋದು ಇದನ್ನ? ಅಪ್ಪನ ದುಡ್ಡಿರೋರು. ನಿನ್ನಂಥೋರು ಅವರಿಗೆ ದೀಪ ಹಿಡಿಯೋದು."

ಕಾರಿನ ಬಾಗಿಲು ಹಾಕಿಕೊಂಡ ಸದ್ದು ಫೋನಿನಲ್ಲೂ ಕಿಟಕಿಯಲ್ಲೂ ಒಟ್ಟಿಗೇ ಕೇಳಿಸಿತು. ಮೆತ್ತಗೆ, ತುಂಬಿದ ಸದ್ದು. ಅನಂತರಾಮರ ಕಿವಿ ಅರಳಿತು.

"ಬಾಗಿಲು ಪರವಾಗಿಲ್ಲ. ಲಡಲಡ ಅನ್ನೋಲ್ಲ… ಯಾರು ಹತ್ತಿದ್ದು? ಶರ್ಮಾಜಿ ಮಗಳಾ? ಹತ್ತಿಸ್ಕೋ, ಹತ್ತಿಸ್ಕೋ. ಅವಳಾದ್ರೂ ಹೊಗಳ್ತಾಳೆ… ಹಾಂ? ಅಮ್ಮನ ಬಗ್ಗೆ ಏನು?… ಅಮ್ಮ ಏನಂತಾಳೆ ಅಂತಾನಾ? ಅವಳನ್ನೇನು ಕೇಳ್ತೀಯ! ಮೂವತ್ನಾಲ್ಕು ವರ್ಷದ ಹಳೇ ಮಾಡೆಲ್ಲು. ಎರಡು ಮಂಡೀನೂ ಹೋಗಿದೆ, ಹತ್ತು ಹೆಜ್ಜೆಗೊಂದ್ಸಲ ನಿಲ್ತಾಳೆ. ಮಾತ್ರೆ ಖರ್ಚು ನೋಡಿದ್ರೆ ನಿನ್ನ ಕಾರಿನ ಸರ್ವಿಸ್ಸೇ ವಾಸಿ. ಬೋರ್ಡು ಸಭೆ ಸೇರಿಲ್ಲ, ಅದಕ್ಕೆ ಇನ್ನೂ ಓಡ್ತಿದಾಳೆ. ಸೇರಿದ್ರೆ ಕಂಡಂ ಅಂತ ಮೊದಲನೇ ಸಹಿ ನಂದೇ!"

ಅವರು ಗಹಗಹಿಸಿ ನಕ್ಕರು. ಆ ನಗು ಎಲ್ಲೋ ದೊಡ್ಡ ಕೋಣೆಯಲ್ಲಿ ನಕ್ಕಂತೆ ಅರೆಕ್ಷಣ ತಡವಾಗಿ ಫೋನಿನಿಂದಲೇ ಅವರ ಕಿವಿಗೆ ವಾಪಸ್ಸು ಬಂತು.

"ಯಾಕೆ ಸುಮ್ಮನಾದೆ?… ಹಲೋ?… ತಮಾಷೆ ಕಣೋ. ನಿನಗೂ ನಿಮ್ಮಮ್ಮನಿಗೂ ತಮಾಷೆ ತಿಳಿಯೋಲ್ಲ… ಹಲೋ?… ಹಾಂ?… ಯಾರು? ಯಾರು ಮಾತಾಡೋದು?"

ಈ ಸಲ ನಿಜವಾಗಿಯೂ ಕೇಳಿದ್ದರು.

"…ವಾಸಂತಿ?"

ಕುರ್ಚಿ ಹಿಂದಕ್ಕೆ ಬಿತ್ತು. ಅನಂತರಾಮರು ಕಿಟಕಿಗೆ ಓಡಿದರು. ಕಾರಿನ ಮುಂದಿನ ಗಾಜಿನ ಹಿಂದೆ, ಮಗನ ಪಕ್ಕದಲ್ಲಿ, ಬಿಸ್ಕತ್ತು ಬಣ್ಣದ ಶಾಲು ಕಾಣಿಸುತ್ತಿತ್ತು. ತೊಡೆಯ ಮೇಲೆ ಚೀಲ. ಮುಖ ಕಾಣಲಿಲ್ಲ.

"ಹಾಲಿಗೆ ಅಂತ ಹೋದವಳು ನೀನು… ಹೇಳಲಿಲ್ವಾ? ನಾನೇ ಅಂದ್ಕೊಂಡ್ನಾ?… ಎಲ್ಲಾ ಕೇಳಿಸ್ತಾ?… ಹದಿನಾರರಲ್ಲೂ ಕೇಳಿಸ್ತಾ… ಏ, ಮಾತಿಗೆ ಅಂದಿದ್ದು ಕಣೇ… ಎಲ್ಲಿಗೆ? ಗುರುಗ್ರಾಮಕ್ಕಾ? ಮಧ್ಯಾಹ್ನ ಊಟಕ್ಕೆ ವಾಪಸ್ ಬರ್ತೀಯಲ್ಲ?… ಸಂಜೆಗಾ?… ಮತ್ತೆ ಯಾವಾಗ?"

ಆ ಕಡೆಯ ಉತ್ತರ ಚಿಕ್ಕದಾಗಿರಲಿಲ್ಲ. ವಾಸಂತಿ ಮೂವತ್ನಾಲ್ಕು ವರ್ಷದಲ್ಲಿ ಇಷ್ಟುದ್ದದ ಮಾತನ್ನು ಗಂಡನಿಗೆ ನಡುವೆ ಬಾಯಿ ಹಾಕಗೊಡದೆ ಹೇಳಿದ್ದು ಇದೇ ಮೊದಲು.

"ಏನಂದೆ?… ಬೋರ್ಡು ಸೇರಿದಾಗ ಹೇಳಿ ಕಳಿಸಬೇಕಾ? ಬಂದು ನೀನೂ ಒಂದು ಸಹಿ ಹಾಕ್ತೀಯಾ?… ಯಾರ ಮೇಲೆ?… ನನ್ನ ಮೇಲಾ?… ವಾಸಂತಿ, ಕೇಳು… ಚಿರಂತ್, ಫೋನು ನೀನು ತಗೋ. ಗಾಡಿ ನಿಲ್ಲಿಸು. ನಾನೇ ಬರ್ತೀನಿ ಕೆಳಗೆ. ಚಲೋ, ಒಂದು ಸುತ್ತು ಹೋಗೋಣ, ನಿನ್ನ ಇಂಡಿಯಾ ಗೇಟಿಗೇ ಹೋಗೋಣ. ಚಪ್ಪಲಿ ಹಾಕ್ಕೋತೀನಿ, ಎರಡು ನಿಮಿಷ… ಹಾಂ?"

"…ಹೌದು. ಎರಡೇ ಸೀಟು. ಗೊತ್ತು."

ಕಾರು ಬೇವಿನ ನೆರಳಿನಿಂದ ಸರಿದು, ಕಿಟಕಿಯ ಕೆಳಗೇ ಹಾದು ಮುಂದೆ ಹೋಯಿತು. ಇಸ್ತ್ರಿ ಭಯ್ಯಾ ಪಕ್ಕಕ್ಕೆ ಸರಿದು ಸಲಾಮು ಹೊಡೆದ. ಗಲ್ಲಿಯ ಕೊನೆಯ ರಸ್ತೆಯುಬ್ಬಿನ ಬಳಿ ಕಾರು ನಿಧಾನವಾಯಿತು. ಆಗ ದೀಪ ಹೊತ್ತಿತು. ಬೆಳಗಿನ ಮಸುಕಿನಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಎಳೆಯ ಕೆಂಪು, ಎರಡೂ ಕಡೆ ಸಣ್ಣಗೆ ಮೇಲಕ್ಕೆ ಬಾಗಿತ್ತು. ಅನಂತರಾಮರಿಗೆ ಆ ಗೆರೆಯ ಗುರುತು ಸಿಕ್ಕಿತು, ಫೈಲಿನ ಹಿಂದಿನ ಆ ಚಿತ್ರ ಹರಿದವರು ಅವರೇ ಅಲ್ಲವೇ. ಇಪ್ಪತ್ತೇಳು ವರ್ಷದ ಕಣ್ಣು ತಾನಾಗಿಯೇ ತಪ್ಪು ಹುಡುಕಿತು. ಎಲ್ಲಿ ಮಂಕು, ಎಲ್ಲಿ ಓರೆ, ಎಲ್ಲಿ ಬಿರುಕು? ಯಾವುದೂ ಸಿಗಲಿಲ್ಲ.

"ಹಲೋ… ಚಿರಂತ್, ಕೇಳಿಸ್ತಿದೆಯಾ? ಈಗ ಕಾಣಿಸ್ತು ಕಣೋ. ಆ ದೀಪ… ದೀಪದಲ್ಲಿ ಏನೂ…"

ಕಾರು ಬಲಕ್ಕೆ ತಿರುಗಿತು. ಫೋನು ಎಷ್ಟು ಹೊತ್ತಿಗೆ ಕಟ್ಟಾಗಿತ್ತೋ ಅವರಿಗೆ ತಿಳಿಯಲಿಲ್ಲ.

"ಹಲೋ… ಹಲೋ…"