ತಿರುಮಲೇಶನ ಹಾಜರಿ

ಸೀತಮ್ಮನವರ ತಮ್ಮನ ಮಗ ತಿರುಮಲೇಶನಿಗೆ ಆದದ್ದಿದು. ಅರವತ್ತೆರಡನೇ ಇಸವಿ. ಜಯನಗರದಲ್ಲಿ ಆಗ ನಾಲ್ಕು ಮನೆ ದಾಟಿದ್ರೆ ರಾಗಿ ಹೊಲ. ಸೆಕೆಂಡ್ ಶೋ ಮುಗಿಸಿ ಒಬ್ಬನೇ ನಡ್ಕೊಂಡು ಬರ್ತಿದ್ದ ಮಹಾರಾಯ. ದಾರೀಲಿ ಚಿಕ್ಕಬೈರಪ್ಪನ ಬಾವಿ... ಅವನ ಮಗ ಕಾಲೇಜಿಗೆ ಸೇರಿದ ವಾರದಲ್ಲೇ ಜಾರಿ ಬಿದ್ದು ಸತ್ತದ್ದು ಅದರಲ್ಲೇ.

ತಿರುಮಲೇಶ ಈ ಸೀತಮ್ಮತ್ತೆ ಮನೇಲಿದ್ದು ಬಿ.ಎ. ಓದ್ತಿದ್ದ. ಓದ್ತಿದ್ದಾನೆ ಅಂತ ಊರಲ್ಲಿ ಅಪ್ಪ ಅಂದ್ಕೊಂಡಿದ್ರು, ಅಷ್ಟೆ. ಕ್ಲಾಸಿಗೆ ಯಾಕೋ ಹೋಗ್ಲಿಲ್ಲ ಅಂದ್ರೆ ಒಂದಿನ ತಲೆನೋವು, ಒಂದಿನ ಬಸ್ ಬರ್ಲಿಲ್ಲ, ಇನ್ನೊಂದಿನ "ಆ ಮೇಷ್ಟ್ರಿಗೆ ಪಾಠವೇ ಬರಲ್ಲ ಅತ್ತೆ." ಬರುತ್ತೋ ಇಲ್ವೋ ನೋಡೋಕಾದ್ರೂ ಹೋಗಬೇಕಲ್ಲ, ಆ ಮುಖಕ್ಕೆ! ನಿಜ ಅಂದ್ರೆ ಒಂಬತ್ತಾದ್ರೂ ಹಾಸಿಗೆ ಬಿಡ್ತಿರಲಿಲ್ಲ. ಬರೆದ್ರೆ ಅಕ್ಷರ ಕೋಳಿ ಕೆದರಿದ ಹಾಗೆ. ಹಾಜರಿ ಕರೆದಾಗ "ಪ್ರೆಸೆಂಟ್ ಸಾರ್" ಅನ್ನೋಕೆ ಗೆಳೆಯ ಕಿಟ್ಟಿ ಇದ್ದ.

ಆ ರಾತ್ರಿ ಬಾವಿ ಹತ್ರ ಬಂದ. ತೊಟ್... ತೊಟ್... ಒಣಗಿದೆಲೆ ಮೇಲೆ ನೀರು ಬೀಳೋ ಸದ್ದು. ಕಟ್ಟೆ ಮೇಲೆ ಒಬ್ಬ ಹುಡುಗ. ಎದೆಗೆ ಪುಸ್ತಕ ಅವಚಿಕೊಂಡಿದ್ದ. ಅಂಗಿ ತೊಟ್ಟಿಕ್ಕುತ್ತಿತ್ತು.

"ತಿರುಮಲೇಶ ಅವ್ರಾ?" ಪಿಸುದನಿ.

"ಹೂಂ..."

"ನಾಳೆ ಕ್ಲಾಸಿಗೆ ಬರ್ತೀರಾ?"

ಅಂಥ ಹೊತ್ತಲ್ಲೂ ಚಾಳಿ ಬಿಡುತ್ತಾ?

"ಹುಷಾರಿಲ್ಲ..."

"ಸರಿ, ಮಲಗಿ. ನಾನೇ ಹೋಗ್ತೀನಿ."

ದುಡುಂ! ಬಾವಿ ನೀರು ಕಲಕಿತು. ಕಟ್ಟೆ ಖಾಲಿ.

ವಾರ ಜ್ವರ. ಅದೊಂದೇ ನಿಜವಾದ ಜ್ವರ. ಆಮೇಲೆ ಕಿಟ್ಟಿ ಬಂದವನು ಮುಖ ಊದಿಸಿಕೊಂಡು ಕೇಳಿದ: "ಏನೋ, ದಿನಾ ಕ್ಲಾಸಿಗೆ ಬರ್ತೀಯ, ಮಾತಾಡ್ಸಿದ್ರೆ ತಿರುಗಿಯೂ ನೋಡಲ್ಲ? ಕೊನೇ ಬೆಂಚಲ್ಲಿ ಬಗ್ಗಿ ಬರೀತಾನೇ ಇರ್ತೀಯ. ಅಂಗಿ ಯಾಕೋ ಯಾವಾಗ್ಲೂ ಒದ್ದೆ?"

ಬೇರೆಯವರಾಗಿದ್ರೆ ಎದ್ದು ಕಾಲೇಜಿಗೆ ಓಡ್ತಿದ್ರು. ತಿರುಮಲೇಶ ಎರಡು ದಿನ ನಡುಗಿದ. ಮೂರನೇ ದಿನ ಲೆಕ್ಕ ಹಾಕಿದ: ಹಾಜರಿ ಹೇಗೂ ಬೀಳ್ತಿದೆ... ಕಂಬಳಿ ಎಳ್ಕೊಂಡು ಮಲಗಿದ.

ಪರೀಕ್ಷೆ ದಿನ ಮಾತ್ರ ಅತ್ತೆಯ ಕಾಟಕ್ಕೆ ಹೊರಟ. ಪರೀಕ್ಷೆ ಕೋಣೆಯ ಕಿಟಕಿಯಿಂದ ಇಣುಕಿದ. ಅವನ ನಂಬರಿನ ಜಾಗದಲ್ಲಿ ಯಾರೋ ಬೆನ್ನು ಬಗ್ಗಿಸಿ ಬರೀತಿದ್ರು. ಸರ್... ಸರ್... ಪೆನ್ನಿನ ಸದ್ದು. ಸದ್ದು ನಿಂತಿತು. ತಲೆ ನಿಧಾನಕ್ಕೆ ಕಿಟಕಿ ಕಡೆ ತಿರುಗೋಕೆ ಶುರುವಾಯ್ತು... ಇವನು ಓಡಿದ.

ಫಲಿತಾಂಶ ಬಂತು. ಫಸ್ಟ್ ಕ್ಲಾಸ್! ನಾಚಿಕೆಯಿಲ್ಲದೆ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ. ಅಪ್ಪ ಯಾರನ್ನೋ ಹಿಡಿದು ಕೆಲಸ ಕೂಡ ಗೊತ್ತು ಮಾಡಿದ್ರು. ಸರ್ಟಿಫಿಕೇಟ್ ಒಂದು ತೋರಿಸಿದ್ರೆ ಸಾಕು.

ಸೀತಮ್ಮನವರನ್ನ ಕರ್ಕೊಂಡು ಕಾಲೇಜ್ ಆಫೀಸಿಗೆ ಹೋದ.

"ನಿನ್ನೆ ನೀವೇ ಬಂದು ತಗೊಂಡು ಹೋದ್ರಲ್ಲ ಸಾರ್," ಅಂದ ಗುಮಾಸ್ತ. ಸಹಿ ಹಾಕಿಸ್ಕೊಳ್ಳೋ ಪುಸ್ತಕ ತಿರುಗಿಸಿ ತೋರಿಸಿದ.

ಕೆಲಸ ಬೇರೆಯವರ ಪಾಲಾಯ್ತು. ಇನ್ನೊಂದು ಪ್ರತಿ ಕೇಳೋಕೆ ಇವನಿಗೆ ಬಾಯಿಲ್ಲ. ಕೇಳಿದ್ರೆ ಮೊದಲನೇದನ್ನ ಒಯ್ದವರು ಯಾರು ಅಂತ ಹೇಳಬೇಕಲ್ಲ.

ನಂಬೋದಾದ್ರೆ ನಂಬಿ, ಇಲ್ಲಾಂದ್ರೆ ಬಿಡಿ. ಸೀತಮ್ಮನವರು ಕನ್ನಡಕ ಹಾಕ್ಕೊಂಡು ಕಣ್ಣಾರೆ ನೋಡಿದ್ದು. ಸಹಿ ಇತ್ತು. ತಿರುಮಲೇಶನದೇ ಹೆಸರು. ಅಕ್ಷರ ಮಾತ್ರ ಮುತ್ತಿನ ಹಾಗಿತ್ತು.