ಗಡಿಯಾರಕ್ಕೂ ಬಾಲ ಬಂದ ಫೋಟೋ

ಅಯ್ಯೋ, ಬ್ಯಾಗ್ ಕೆಳಗಿಡೇ ಮೊದ್ಲು! ಮನೆಗೆ ಹೋಗೋಣ, ಹೋಗೋಣ... ಎಂಟು ತಿಂಗಳು ಊರೂರು ಕುಣ್ಕೊಂಡು ಬಂದವಳಿಗೆ ಅಣ್ಣನ ಸ್ಟುಡಿಯೋದಲ್ಲಿ ಹತ್ತು ನಿಮಿಷ ಕೂರಕ್ಕಾಗಲ್ವಾ? ಅಮ್ಮಂಗೆ ಫೋನ್ ಮಾಡಿದೀನಿ, ನಮ್ಮ ಬುಗುರಿ ಬಂದಿಳಿದಳು, ಸ್ವಲ್ಪ ತಡ ಆಗತ್ತೆ ಅಂತ. ಕೂತ್ಕೋ. ಅಲ್ಲಲ್ಲ, ಆ ಸ್ಟೂಲ್ ಬೇಡ! ಅದು ಪಾಸ್‌ಪೋರ್ಟ್ ಫೋಟೋದ್ದು. ಅದರ ಮೇಲೆ ಕೂತ್ರೆ ಎಂಥ ಮಹಾತ್ಮನೂ ಜೇಬುಗಳ್ಳನ ಥರ ಕಾಣ್ತಾನೆ.

ಯಾಕೆ ನಗ್ತೀಯ? ನಿಜ ಕಣೇ. ಇಪ್ಪತ್ತು ವರ್ಷ 'ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ' ಅಂತ ಗಂಟಲು ಹರ್ಕೊಂಡೆ. ಈಗ? 'ಅಲ್ಲಾಡಿ ಸ್ವಾಮಿ, ಚೆನ್ನಾಗಿ ಅಲ್ಲಾಡಿ' ಅಂತೀನಿ! ಪಕ್ಕದ ಟೈಲರ್ ಬಂದು ನೋಡಿ, 'ಏನ್ರೀ, ಕ್ಯಾಮೆರಾಗೆ ಚಳಿಜ್ವರ ಬಂದಿದೆಯಾ?' ಅಂದ. ನೋಡ್ತಾ ಇರಿ, ಇದೇ ಜ್ವರ ನಿಮಗೂ ಹತ್ತತ್ತೆ ಅಂದೆ.

ನೋಡು, ಇವನು ಎದುರಿನ ಬೇಕರಿಯವನು. ಬೆಳಿಗ್ಗೆ ಆರು ಗಂಟೆ, ಒಂದೇ ಬಲ್ಬು, ಜೊತೆಗೆ ಒಲೆ ಬೆಳಕು. ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ಕೂರಿಸಿ, ಅದರ ರೆಪ್ಪೆ ಥರದ ಶಟರ್‌ನ ಅರ್ಧ ಸೆಕೆಂಡು ತೆರೆದಿಟ್ಟೆ. 'ತಲೆ ಆಡಿಸ್ಬೇಡ, ಕೈ ಮಾತ್ರ ಆಡಿಸು' ಅಂದೆ. ಮುಖ ಕೆತ್ತಿಟ್ಟಂಗಿದೆ, ಗೋಡೆ ನೆಟ್ಟಗಿದೆ. ಕೈ ಎಲ್ಲಿ? ಇಲ್ಲ! ಹಿಟ್ಟಿನ ಮೇಲೆ ಬರೀ ಹೊಗೆ. ಅವನ ಹೆಂಡ್ತಿ ಏನಂದ್ಲು ಗೊತ್ತಾ? 'ಮನೇಲೂ ಇದೇ ಕಥೆ, ಕೆಲಸದ ಹೊತ್ತಿಗೆ ಇವರ ಕೈ ಕಾಣಲ್ಲ' ಅಂತ!

ಹ್ಞಾಂ, ನಗು ನಗು. ಇನ್ನು ಇದು ಬಸ್ಸು. ಮುಸ್ಸಂಜೆ. ಇದಕ್ಕೆ ಸ್ಟ್ಯಾಂಡ್ ಇಲ್ಲ. ಬಸ್ಸು ಹೋದಂಗೇ ಕ್ಯಾಮೆರಾನೂ ಅದರ ಜೊತೆ ತಿರುಗ್ಬೇಕು, ಅದೇ ವೇಗದಲ್ಲಿ. ಆಗ ಬಸ್ಸು ನಿಂತಂಗೆ ಕಾಣತ್ತೆ, ಬೀದಿ ಓಡತ್ತೆ. ಮೂವತ್ತಾರು ಬಸ್ಸು ಹಾಳು ಮಾಡಿದ್ಮೇಲೆ ಇದೊಂದು ಸಿಕ್ತು. ಪಾಪ, ಕಂಡಕ್ಟರ್ ನಾನು ಬಸ್ ಹತ್ತೋಕೆ ನಿಂತಿದೀನಿ ಅಂದ್ಕೊಂಡು ಎರಡು ಸಲ ಬಸ್ ನಿಲ್ಲಿಸಿ ಬಾಯಿಗೆ ಬಂದಂಗೆ ಬೈದ.

ಆ ಲಕೋಟೆ... ಅದು ಆಮೇಲೆ. ಸರಿ ಸರಿ, ತೆಗಿ. ಎಲ್ಲ ನಿಂಗೆ ಕಳಿಸಿದ್ದವೇ. ಫೋನಿನಲ್ಲಿ ಹೆಬ್ಬೆರಳಷ್ಟು ನೋಡಿದ್ದೆ, ಈಗ ದೊಡ್ಡದಾಗಿ ನೋಡು.

ಅಮ್ಮನ ಡ್ಯಾನ್ಸ್ ಹಾಲ್! ಇದು ನೀನು ಹೊರಟ ವಾರದ್ದು. ವೇದಿಕೆ, ಉದ್ದ ಕನ್ನಡಿ, ಗೋಡೆ ಗಡಿಯಾರ... ಮಧ್ಯದಲ್ಲಿ ಅಮ್ಮ, ನೀಲಿ ಶಾಲು ಹೊದ್ದು ಗಿರ್ರಂತ ತಿರುಗ್ತಿದಾಳೆ. ಶಾಲು ನೋಡೇ, ನೀರು ಸುಳಿ ಹೊಡೆದಂಗಿದೆ! 'ಅರವತ್ತೆರಡರಲ್ಲಿ ನಮ್ಮಮ್ಮ ಹೆಂಗೆ ಕುಣೀತಾಳೆ ನೋಡಿ' ಅಂತ ನಿನ್ನ ತಂಡದವರಿಗೆಲ್ಲ ತೋರಿಸಿದ್ಯಂತೆ. ಅಮ್ಮ ಅದನ್ನ ಹಾಲಿನವಳಿಗೂ ಹೇಳಿದ್ಲು, ಪೋಸ್ಟಿನವನಿಗೂ ಹೇಳಿದ್ಲು.

ಉಳಿದ ಐದೂ ಅಮ್ಮಂದೇ. ಇದು ಎರಡು ತಿಂಗಳಾದ್ಮೇಲೆ. ಇದು ಅದರ ಮುಂದಿನ ತಿಂಗಳು. ಇದರಲ್ಲಂತೂ ಇಡೀ ಅಮ್ಮನೇ ಗಾಳಿ ಆಗ್ಬಿಟ್ಟಿದಾಳೆ... ಏನೇ? ಯಾಕೆ ಮೊದಲನೇದನ್ನೂ ಇದನ್ನೂ ಪಕ್ಕಪಕ್ಕ ಇಟ್ಕೊಂಡೆ? ಬೆರಳು ಯಾಕೆ ಅಲ್ಲಿ? ಅಮ್ಮ ಈ ಕಡೆ ಇದಾಳೆ, ನೀನು ಗೋಡೆ ನೋಡ್ತಿದೀಯಲ್ಲ!

ಗಡಿಯಾರ. ಹ್ಞೂಂ... ಮೊದಲನೇದರಲ್ಲಿ ಮುಳ್ಳು ಸಮೇತ ನೆಟ್ಟಗಿದೆ. ಇದರಲ್ಲಿ... ಸ್ವಲ್ಪ ಬಾಲ ಬಂದಿದೆ. ಅದು... ಲಾರಿ! ಹೊರಗೆ ಲಾರಿ ಹೋಯ್ತು, ನೆಲ ಅದುರ್ತು. ಇದರಲ್ಲೂನಾ? ಅದೂ ಲಾರಿನೇ. ಹಂಗೆ ಹುಬ್ಬೇರಿಸ್ಬೇಡ, ಆ ರಸ್ತೆಯಲ್ಲಿ ಲಾರಿಗೇನು ಬರವಾ?

ಹೋಗ್ಲಿ ಬಿಡು. ನಾನೇ ಈಗ ತಾನೇ ಪಾಠ ಹೇಳ್ಕೊಟ್ಟು ನಾನೇ ಸಿಕ್ಕಿಬಿದ್ದೆ. ಕ್ಯಾಮೆರಾ ನಿಂತು ಮನುಷ್ಯರು ಆಡಿದ್ರೆ ಗೋಡೆ ನೆಟ್ಟಗಿರತ್ತೆ. ಗಡಿಯಾರಕ್ಕೂ ಬಾಲ ಬಂದಿದೆ ಅಂದ್ರೆ... ಆಡಿದ್ದು ಕ್ಯಾಮೆರಾ. ಆಡಿದ್ದು ನಾನು ಕಣೇ. ಅಮ್ಮ ಕುರ್ಚಿ ಮೇಲೆ ಕೂತಿದ್ಲು. ಶಾಲು ಹೊದಿಸಿ, ಕೈ ಮೇಲೆ ಮಾಡು ಅಂದು, ಎದುರು ನಿಂತು ಕ್ಯಾಮೆರಾನೇ ಗಿರ್ರಂತ ತಿರುಗಿಸಿದೆ. ಐದು ಸಲ. ಐದು ತಿಂಗಳು.

ಏಳ್ಬೇಡ. ಕೂತ್ಕೋ, ಪೂರ್ತಿ ಕೇಳು. ಚೆನ್ನಾಗಿದಾಳೆ! ನಿನ್ನಾಣೆ, ಚೆನ್ನಾಗಿದಾಳೆ. ಬಿದ್ದಳು, ಸೊಂಟದ ಹತ್ರ ಮೂಳೆ ಮುರೀತು, ಆಪರೇಷನ್ ಆಯ್ತು. ಈಗ ವಾಕರ್ ಹಿಡ್ಕೊಂಡು ಅಡುಗೆಮನೆಯಿಂದ ಬಾಗಿಲ ತನಕ ನಡೀತಾಳೆ. ಹಾಲ್‌ನಲ್ಲಿ ಕುರ್ಚಿಯಲ್ಲೇ ಕೂತು ಮಕ್ಕಳಿಗೆ ಪಾಠ ಹೇಳ್ತಾಳೆ, ಹೆಜ್ಜೆ ತಪ್ಪಿದ್ರೆ ಈಗಲೂ ಅದೇ ಗದರಿಕೆ. ವಿಡಿಯೋ ಕಾಲ್‌ನಲ್ಲಿ ಕಾಲು ಯಾರು ತೋರಿಸ್ತಾರೆ, ಹೇಳು? ದಿಂಬಿಗೆ ಒರಗಿಸಿ, ತಲೆ ಬಾಚಿ, ಮುಖ ಮಾತ್ರ ತೋರಿಸ್ತಿದ್ದೆ. ಅವಳದ್ದೇ ಅಪ್ಪಣೆ. 'ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿದೆ, ಗೊತ್ತಾದ್ರೆ ಅರ್ಧಕ್ಕೇ ಬಿಟ್ಟು ಓಡಿಬರ್ತಾಳೆ, ನೀನು ಬಾಯಿಬಿಟ್ರೆ ನೋಡು' ಅಂದ್ಲು. ನೀನು ಬರ್ತಿರ್ಲಿಲ್ವಾ? ಬರ್ತಿದ್ದೆ. ಅದಕ್ಕೇ.

ಹೆಂಗೆ ಬಿದ್ಲು ಅಂದ್ರೆ... ಮನೆ ಮೆಟ್ಟಿಲು. ಕೈಯಲ್ಲಿ ಬಟ್ಟೆ ಇತ್ತು, ಕೊನೇ ಮೆಟ್ಟಿಲು ಕಾಣಲಿಲ್ಲ. ಅಷ್ಟೇ. ಯಾರಿಗಾದ್ರೂ ಆಗೋದೇ. ಡಾಕ್ಟರೂ ಅದನ್ನೇ...

ಯಾಕೆ ಮತ್ತೆ ಆ ಮೊದಲನೇದನ್ನ ಎತ್ಕೊಂಡೆ? ಅದರಲ್ಲಿ ಏನೂ ಇಲ್ಲ, ಅದು ನಿಜವಾದ್ದು. ಅವತ್ತು ಅಮ್ಮ ನಿಜವಾಗ್ಲೂ ಕುಣಿದಿದ್ಲು. ಮೇಲೆ ಏನು ನೋಡ್ತಿದೀಯ? ಟ್ಯೂಬ್‌ಲೈಟು. ಹ್ಞೂಂ. ನಾಲ್ಕೂ ಆರಿವೆ.

ಮಾತಾಡೇ.

ಬೈಯೋದಾದ್ರೂ ಬೈ... ಹಂಗೆ ಸುಮ್ಮನೆ ಕೂರ್ಬೇಡ ಬುಗುರಿ.

ಮೆಟ್ಟಿಲಲ್ಲ.

ಬೆಳಕು ಜಾಸ್ತಿ ಇದ್ರೆ ಶಟರ್‌ನ ಅಷ್ಟು ಹೊತ್ತು ತೆರೆದಿಡಕ್ಕಾಗಲ್ಲ, ಎಲ್ಲ ಬೆಳ್ಳಗಾಗಿ ಹೋಗತ್ತೆ. ಅದಕ್ಕೆ ಲೈಟ್ ಆರಿಸಿದೆ. ಸಂಜೆ ಆರೂವರೆ. ಕಿಟಕಿಯಿಂದ ಬರೋದಷ್ಟೇ ಬೆಳಕು. ಅಮ್ಮ ವೇದಿಕೆ ಮೇಲೆ ನಿಂತು, 'ಅಂಚು ಕಾಣ್ತಿಲ್ವೋ' ಅಂದ್ಲು. 'ಮೂವತ್ತು ವರ್ಷ ಕುಣಿದ ಜಾಗ ಅಮ್ಮ, ಕಣ್ಣು ಮುಚ್ಚಿಕೊಂಡೂ ಕುಣೀಬಹುದು' ಅಂತ ನಗಾಡಿದೆ. ಕುಣಿದ್ಲು. ನಿನ್ನ ಕೈಲಿರೋದು ಬಂತು. ಎಷ್ಟು ಚೆನ್ನಾಗಿತ್ತು ಅಂದ್ರೆ... ಅಷ್ಟಕ್ಕೇ ಸಾಕು ಅನ್ನಬೇಕಿತ್ತು ನಾನು. ಕಾಲು ನೋಯ್ತಿದೆ ಅಂತ ಶಾಲು ತೆಗೆದು ಮಡಚಕ್ಕೆ ಶುರು ಮಾಡಿದ್ಲು. 'ಇನ್ನೊಂದೇ ಒಂದ್ಸಲ ಅಮ್ಮ' ಅಂದೆ.

ಎರಡನೇದೂ ಇದೆ. ಯಾರಿಗೂ ತೋರಿಸಿಲ್ಲ. ಗಡಿಯಾರ, ಕನ್ನಡಿ, ವೇದಿಕೆ ಎಲ್ಲ ನೆಟ್ಟಗಿವೆ ಅದರಲ್ಲಿ. ಅಮ್ಮ ಇರ್ಬೇಕಾದ ಕಡೆ ಒಂದು ನೀಲಿ ಗೆರೆ, ವೇದಿಕೆ ಅಂಚಿಂದ ಕೆಳಕ್ಕೆ.

ಆಂಬುಲೆನ್ಸ್ ಬರೋ ಮುಂಚೆನೇ ಹೇಳಿದ್ಲು, ಹಲ್ಲು ಕಚ್ಚಿಕೊಂಡು. 'ಮನೆ ಮೆಟ್ಟಿಲಲ್ಲಿ ಬಿದ್ದೆ ಅಂತ ಹೇಳು. ತಂಗಿ ನಿನ್ನ ಮುಖ ನೋಡಲ್ಲ ಆಮೇಲೆ.' ಡಾಕ್ಟರಿಗೂ ಅದನ್ನೇ ಹೇಳಿದ್ಲು. ಮಕ್ಕಳಿಗೂ. ಈ ಮೊದಲನೇ ಫೋಟೋನ ನಿಂಗೆ ಕಳಿಸು ಅಂದಿದ್ದೂ ಅವಳೇ, ಆಪರೇಷನ್ ಆದ ಮಾರನೇ ದಿನ. 'ಚೆನ್ನಾಗಿ ತೆಗ್ದಿದೀಯ ಕಣೋ' ಅಂದ್ಲು.

ನಿನ್ನ ಯಾಕೆ ಮೊದಲು ಇಲ್ಲಿಗೆ ಕರೆದೆ ಅಂತ ಗೊತ್ತಾಯ್ತಲ್ಲ. ವಾಕರ್ ವಿಷಯ ಹೇಳಕ್ಕೆ. ಇದನ್ನ ಹೇಳಕ್ಕಲ್ಲ. ಇದನ್ನ ಹೇಳೋ ಧೈರ್ಯ ಇರ್ಲಿಲ್ಲ ನಂಗೆ. ನೀನು ಒಂದು ಮಾತು ಕೇಳಿದ್ದಿದ್ರೆ ಅದಕ್ಕೂ ಒಂದು ಲಾರಿ ಹುಡುಕ್ತಿದ್ದೆ.

ನಡಿ, ಮನೆಗೆ ಹೋಗೋಣ. ಬಾಗಿಲಲ್ಲಿ ನಿನ್ನ ನೋಡಿದ ತಕ್ಷಣ ಅವಳು ಮೆಟ್ಟಿಲ ಕಥೆ ಶುರು ಮಾಡ್ತಾಳೆ, ನಂಗೊತ್ತು. ಅಷ್ಟರೊಳಗೆ ನಾನು ಒಳಗೆ ಹೋಗ್ಬೇಕು. 'ಸಾಕಮ್ಮ, ಅವಳಿಗೆ ಹೇಳ್ಬಿಟ್ಟೆ' ಅನ್ಬೇಕು.